ಗೂಢಚಾರರ ಸಾಲಿಗೆ ಹೋದ ನೂರ್ ಇನಾಯತ್ ಖಾನ್

ಹೋದ ಸಂಚಿಕೆಯಲ್ಲಿ ನಾನು ಪತ್ತೇದಾರಿ ಹುಡುಗಿಯರ ಸಾಲಿ ಎಂಬ ಕಥೆ ಬರೆದಿದ್ದೆ. ಅದರಲ್ಲಿ ಆರು ಮಂದಿ ಹುಡುಗಿಯರು ಹುಣಸೀಗಿಡದ ಕೆಳಗೆ ಗುಪ್ತ ಲಿಪಿ ಕಲಿತು ಧಾರವಾಡದ ಬಸ್ ಸ್ಟ್ಯಾಂಡಿನಲ್ಲಿ ಕಳ್ಳರನ್ನು ಹಿಡಿಯುತ್ತಾರೆ. ಒಬ್ಬಾಕಿನೂ ಒಂದು ಸಲಾನೂ ತಪ್ಪು ಮಾಡೋದಿಲ್ಲ. ನಮ್ಮ ಕನ್ನಡ ಗುರುಗಳು ಅದನ್ನು ಓದಿ ಬಾಳ ನಕ್ಕರು. ಖರೇ ಗೂಢಚಾರರ ಸಾಲಿಯಲ್ಲಿ ಕಲಿತವರ ಬಗ್ಗೆ ಓದು ಅಂತ ಹೇಳಿ ಒಂದು ಪುಸ್ತಕ ಕೊಟ್ಟರು. ಅದನ್ನು ಓದಿ ಇದನ್ನು ಬರೆದಿದ್ದೇನೆ.

ನೂರ್ ಇನಾಯತ್ ಖಾನ್ ಅವರು 1914ನೇ ಇಸವಿ ಜನೇವರಿ 1ರಂದು ರಶಿಯಾದ ಮಾಸ್ಕೋದಲ್ಲಿ ಜನಿಸಿದರು. ಇವರ ತಂದೆ ಹಜರತ್ ಇನಾಯತ್ ಖಾನರು ಬಡೋದೆಯ ಸಂಗೀತಗಾರರು ಮತ್ತು ಸೂಫಿ ಗುರುಗಳು. ಬಡೋದೆ ಅಂದರೆ ನಮ್ಮ ಕುಂದಗೋಳದ ಸವಾಯಿ ಗಂಧರ್ವರ ಗುರುಗಳಾದ ಅಬ್ದುಲ್ ಕರೀಂ ಖಾನರೂ ಒಂದು ಕಾಲಕ್ಕೆ ಹಾಡಿದ ಊರು. ತಾಯಿ ಅಮೇರಿಕಾದವರು. ಇದರಾಗ ಕರ್ನಾಟಕ ಎಲ್ಲಿ ಬಂತು ಅಂತೀರೇನು? ತಂದೆಯ ತಾಯಿಯ ಕಡೆಯಿಂದ ಇವರದು ಶ್ರೀರಂಗಪಟ್ಟಣದ ಟಿಪ್ಪು ಸುಲ್ತಾನನ ವಂಶ! ಟಿಪ್ಪು 1799ರಲ್ಲಿ ಇಂಗ್ಲಿಷರ ಕೂಡ ಹೋರಾಡಿ ಮಡಿದದ್ದನ್ನು ನಾವು ಪಾಠದಲ್ಲಿ ಓದಿದ್ದೇವೆ.

ನೂರ್ ಅವರು ಬೆಳೆದದ್ದು ಫ್ರಾನ್ಸಿನಲ್ಲಿ, ಪ್ಯಾರಿಸ್ ಹತ್ತಿರದ ಸುರೇನ್ ಎಂಬಲ್ಲಿ. 1927ರಲ್ಲಿ ತಂದೆಯವರು ದಿಲ್ಲಿಯಲ್ಲಿ ತೀರಿಕೊಂಡರು. ಆಗ ನೂರ್ ಅವರಿಗೆ 13 ವರ್ಷ, ಈಗ ನನಗಿರುವಷ್ಟೇ. ತಾಯಿ ದುಃಖದಿಂದ ಹಾಸಿಗೆ ಹಿಡಿದರು. ಇಬ್ಬರು ತಮ್ಮಂದಿರು, ಒಬ್ಬ ತಂಗಿ, ಎಲ್ಲರನ್ನೂ ಇವರೇ ನೋಡಿಕೊಂಡರು. ನಮ್ಮ ಅವ್ವ ಒಂದು ದಿನ ಊರಿಗೆ ಹೋದರೆ ತಮ್ಮನಿಗೆ ಉಣ್ಣಾಕ ನೀಡಿ ನನಗೆ ಸಾಕಾಗಿಬಿಡತದ.

ಮುಂದೆ ಅವರು ವೀಣೆ, ಪಿಯಾನೋ ಕಲಿತರು. ಮಕ್ಕಳಿಗಾಗಿ ಕಥೆ ಬರೆದರು, ರೇಡಿಯೋದಲ್ಲೂ ಅವು ಬಂದವು. 1939ರಲ್ಲಿ ಬುದ್ಧನ 20 ಜಾತಕ ಕಥೆಗಳ ಪುಸ್ತಕ ಹೊರಬಂತು. ಇಂಥವರು ಗೂಢಚಾರಿಣಿ ಆಗತಾರ ಅಂತ ಯಾರು ತಿಳಕೊಂಡಿದ್ದರು?

1940ರಲ್ಲಿ ಹಿಟ್ಲರನ ಸೈನ್ಯ ಪ್ಯಾರಿಸ್ ಹಿಡಿಯಿತು. ನೂರ್ ಮತ್ತು ಮನೆಯ ಕೆಲವರು ಇಂಗ್ಲಂಡಿಗೆ ಓಡಿದರು. ನೂರ್ ಅವರು ಅಲ್ಲಿಯ ವಾಯುಸೇನೆಯ ಮಹಿಳಾ ದಳ ಸೇರಿ ವೈರ್‌ಲೆಸ್ ಕಲಿತರು. ಟಿಪ್ಪುವಿನ ವಂಶದವರು ಇಂಗ್ಲಿಷರ ಪರವಾಗಿ ಕೆಲಸ ಮಾಡಿದ್ದು ನನಗೆ ಮೊದಲು ಸರಿ ಅನಿಸಲಿಲ್ಲ. ಆದರೆ ಯುದ್ಧ ಮುಗಿದ ಮೇಲೆ ಭಾರತದ ಸ್ವಾತಂತ್ರ್ಯದ ಪರ ನಿಲ್ಲುತ್ತೇನೆ ಎಂದು ಅವರು ಇಂಗ್ಲಿಷ್ ಅಧಿಕಾರಿಗಳ ಎದುರಿಗೇ ಹೇಳಿದ್ದರಂತೆ. ಅದನ್ನು ಓದಿದ ಮೇಲೆ ಸಮಾಧಾನವಾಯಿತು.

ಫ್ರೆಂಚ್ ಭಾಷೆ ಚಲೋ ಬರುತ್ತಿದ್ದದ್ದರಿಂದ 1943ರಲ್ಲಿ ಅವರನ್ನು ಗುಪ್ತ ಸಂಸ್ಥೆಗೆ ಸೇರಿಸಿಕೊಂಡರು. ಆ ಸಂಸ್ಥೆ ದೊಡ್ಡ ದೊಡ್ಡ ಹಳೇ ಬಂಗಲೆಗಳಲ್ಲಿ ಗೂಢಚಾರರ ಸಾಲಿ ನಡೆಸುತ್ತಿತ್ತು. ಅಲ್ಲಿ ಬಂದೂಕು ಹೊಡೆಯುವುದು, ಮದ್ದು ಸಿಡಿಸುವುದು, ಸುಳ್ಳು ಹೆಸರಿನಿಂದ ಬಾಳುವುದು ಎಲ್ಲ ಕಲಿಸುತ್ತಿದ್ದರು. ನಮ್ಮ ನೂರ್ ಅವರು ಆ ಸಾಲಿಯಲ್ಲಿ ಜಾಣ ವಿದ್ಯಾರ್ಥಿನಿ ಅಲ್ಲವೇ ಅಲ್ಲ! ಬಂದೂಕು ಕಂಡರೆ ಅಂಜಿಕೆ. ಥಂಡಿಗೆ ಬೆರಳು ಬಾತು ವೈರ್‌ಲೆಸ್ ಕೀಲಿಯನ್ನು ಧಡಧಡ ಬಡಿಯುತ್ತಿದ್ದರು. ತಂದೆ ಸತ್ಯ ಹೇಳು ಅಂತ ಕಲಿಸಿದ್ದರು, ಈ ಸಾಲಿಯವರು ಸುಳ್ಳು ಹೇಳು ಅಂತಾರೆ, ಏನು ಮಾಡಬೇಕು ಪಾಪ. ಒಂದು ರಾತ್ರಿ ಗುರುಗಳೇ ವೈರಿ ಪೋಲೀಸರ ವೇಷ ಹಾಕಿ, ಮಲಗಿದವರನ್ನು ಎಬ್ಬಿಸಿ ಬೆದರಿಸಿ ವಿಚಾರಣೆ ಮಾಡಿದರು. ಅದು ಬರೇ ಪರೀಕ್ಷೆ. ಆದರೂ ನೂರ್ ಅವರು ಗಡಗಡ ನಡುಗಿ, ಬಾಯಿಂದ ಮಾತೇ ಹೊರಡಲಿಲ್ಲ. ಇವರನ್ನು ಕಳಿಸಬಾರದು ಎಂದು ಕೆಲವರು ಬರೆದರು. ಆದರೆ ಪ್ಯಾರಿಸ್ಸಿನಲ್ಲಿ ವೈರ್‌ಲೆಸ್ ನಡೆಸುವವರು ತುರ್ತಾಗಿ ಬೇಕಾಗಿದ್ದರು.

1943ರ ಜೂನ್ 16ರ ರಾತ್ರಿ ಬೆಳದಿಂಗಳಲ್ಲಿ ಸಣ್ಣ ವಿಮಾನದಲ್ಲಿ ಹೋಗಿ ಫ್ರಾನ್ಸಿನಲ್ಲಿ ಇಳಿದರು. ಗುಪ್ತ ಹೆಸರು ಮ್ಯಾಡಲೀನ್. ಹೋದ ಹೊಸದರಾಗೇ ಒಂದು ತಪ್ಪು. ಚಹಾ ಹಾಕುವಾಗ ಕಪ್ಪಿಗೆ ಮೊದಲು ಹಾಲು ಸುರುವಿದರು. ಅದು ಇಂಗ್ಲಂಡಿನ ರೂಢಿ, ಫ್ರಾನ್ಸಿನದಲ್ಲ. ಅಷ್ಟರಿಂದಲೇ ವೈರಿಗಳಿಗೆ ಸಂಶಯ ಬರಬಹುದಿತ್ತು. ಗೆಳೆಯರು ಎಚ್ಚರಿಸಿದರು.

ಕೆಲವೇ ದಿವಸಗಳಲ್ಲಿ ಅವರ ತಂಡದವರು ಒಬ್ಬರ ಹಿಂದೆ ಒಬ್ಬರು ಸಿಕ್ಕಿಬಿದ್ದರು. ಇಂಗ್ಲಂಡಿನಿಂದ ವಾಪಸ್ಸು ಬಾ ಎಂದು ಸುದ್ದಿ ಬಂತು. ಆಗ ಪ್ಯಾರಿಸ್ಸಿನಲ್ಲಿ ಉಳಿದ ವೈರ್‌ಲೆಸ್ ಅವರದೊಂದೇ, ಅದಕ್ಕೇ ನಾ ಬರೋದಿಲ್ಲ ಅಂದರು. ಸುಮಾರು 15 ಕಿಲೋ ತೂಕದ ಯಂತ್ರವನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಮನೆ ಬದಲಿಸುತ್ತ, ಕೂದಲಿಗೆ ಬೇರೆ ಬೇರೆ ಬಣ್ಣ ಹಚ್ಚುತ್ತ, ನಾಲ್ಕು ತಿಂಗಳ ಹತ್ತಿರ ಸುದ್ದಿ ಕಳಿಸಿದರು. ಪರೀಕ್ಷೆಯಲ್ಲಿ ನಡುಗಿದವರು ಇವರೇನಾ ಅನಿಸುತ್ತದೆ.

ಅಕ್ಟೋಬರ್‌ದಲ್ಲಿ ಯಾರೋ ರೊಕ್ಕದ ಆಸೆಗೆ ಹಿಡಿದುಕೊಟ್ಟರು. ಹಿಡಿಯಲು ಬಂದವನ ಮುಂಗೈಯನ್ನು ನೂರ್ ಅವರು ರಕ್ತ ಬರುವ ಹಾಗೆ ಕಚ್ಚಿದರು. ಜಳಕ ಮಾಡಬೇಕು ಅಂತ ಹೇಳಿ ಕಿಟಕಿಯಿಂದ ಹಾರಿ ಮಾಳಿಗೆ ಮೇಲೆ ಹೋದರು, ಸಿಕ್ಕಿಬಿದ್ದರು. ಇನ್ನೊಮ್ಮೆ ಇಬ್ಬರು ಕೈದಿಗಳ ಕೂಡ ಓಡಿದರು, ಮತ್ತೆ ಸಿಕ್ಕರು. ಎಷ್ಟು ಕೇಳಿದರೂ ಗೆಳೆಯರ ಗುಟ್ಟು ಹೇಳಲಿಲ್ಲ.

ಆದರೆ ಒಂದು ಮಾತು ಬರೆಯಲೇಬೇಕು. ಕಳಿಸಿದ ಸುದ್ದಿಗಳನ್ನೆಲ್ಲ ಅವರು ಒಂದು ವಹಿಯಲ್ಲಿ ಬರೆದಿಟ್ಟಿದ್ದರು. ಹಾಗೆ ಇಡಬಾರದಿತ್ತು. ಸಾಲಿಯಲ್ಲಿ ಹೇಳಿದ್ದನ್ನು ತಪ್ಪು ತಿಳಿದುಕೊಂಡಿದ್ದರು ಅಂತಾರೆ. ಆ ವಹಿ ವೈರಿಗಳ ಕೈಗೆ ಸಿಕ್ಕಿತು. ಅವರು ನೂರ್ ಅವರ ಹೆಸರಿನಲ್ಲೇ ಸುಳ್ಳು ಸುದ್ದಿ ಕಳಿಸಿದರು. ಅದನ್ನು ನಂಬಿ ವಿಮಾನದಿಂದ ಇಳಿದವರು ನೆಟ್ಟಗೆ ವೈರಿಗಳ ಕೈಯಲ್ಲಿ ಬಿದ್ದು ಸತ್ತರು. ಇದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟೆ. ಎರಡು ದಿವಸ ತೆಗೆಯಲಿಲ್ಲ.

ಜರ್ಮನಿಯ ಜೈಲಿನಲ್ಲಿ ಕೈಕಾಲಿಗೆ ಸರಪಳಿ ಹಾಕಿ ಹತ್ತು ತಿಂಗಳ ಹತ್ತಿರ ಒಬ್ಬರನ್ನೇ ಇಟ್ಟರು. 1944 ಸಪ್ಟೆಂಬರ್ 13ರಂದು ಡಾಖಾವ್ ಶಿಬಿರದಲ್ಲಿ ಇನ್ನೂ ಮೂವರು ಹೆಣ್ಣುಮಕ್ಕಳ ಜೊತೆಗೆ ಗುಂಡಿಟ್ಟು ಕೊಂದರು. ಆಗ ಅವರಿಗೆ ಬರೇ 30 ವರ್ಷ. 1949ರಲ್ಲಿ ಇಂಗ್ಲಂಡ್ ಜಾರ್ಜ್ ಕ್ರಾಸ್ ಪದಕ ಕೊಟ್ಟಿತು. 2012ರಲ್ಲಿ ಲಂಡನ್ನಿನ ಗಾರ್ಡನ್ ಸ್ಕ್ವೇರಿನಲ್ಲಿ ಅವರ ಮೂರ್ತಿ ಇಟ್ಟರು.

ನನ್ನ ಕಥೆಯ ಎರಡನೇ ಭಾಗ ಮುಂದಿನ ಸಂಚಿಕೆಯಲ್ಲಿ ಬರುತ್ತದೆ. ಅದರಲ್ಲಿ ಆರು ಮಂದಿಯಲ್ಲಿ ಒಬ್ಬಾಕಿ ಗುಪ್ತ ಲಿಪಿಯ ವಹಿಯನ್ನು ಬಸ್ಸಿನಲ್ಲಿ ಮರೆತು ಇಳಿಯುತ್ತಾಳೆ. ಮುಂದೇನಾಗಬೇಕು ಅಂತ ನನಗಿನ್ನೂ ಹೊಳೆದಿಲ್ಲ.