ಹಾಕಿ ಮಾಂತ್ರಿಕ ಧ್ಯಾನ್ ಚಂದ್



ಧ್ಯಾನ್ ಚಂದ್ ಅವರು 1905ರ ಆಗಸ್ಟ್ 29ರಂದು ಅಲಹಾಬಾದಿನಲ್ಲಿ ಹುಟ್ಟಿದರು. ತಂದೆ ಸೈನಿಕರು. 1922ರಲ್ಲಿ ಇವರೂ ಸಿಪಾಯಿಯಾದರು. ಹಗಲೆಲ್ಲಾ ಕೆಲಸ, ಆಟಕ್ಕೆ ಹೊತ್ತೇ ಸಿಗುತ್ತಿರಲಿಲ್ಲ. ಅದಕ್ಕೇ ರಾತ್ರಿ ಬೆಳದಿಂಗಳಲ್ಲಿ ಹಾಕಿ ಆಡಿ ಕಲಿತರಂತೆ.

1928 ಮತ್ತು 1932ರ ಒಲಿಂಪಿಕ್ಸ್‌ನಲ್ಲಿ ಭಾರತ ಚಿನ್ನ ಗೆದ್ದಾಗ ಅವರು ತಂಡದಲ್ಲಿದ್ದರು. 1936ರಲ್ಲಿ ನಾಯಕರಾಗಿ ಬರ್ಲಿನ್‌ಗೆ ಹೋದರು. ಅಲ್ಲಿ ಅಭ್ಯಾಸ ಪಂದ್ಯದಲ್ಲೇ ಜರ್ಮನಿ ನಮ್ಮವರನ್ನು 4-1ರಿಂದ ಸೋಲಿಸಿಬಿಟ್ಟಿತು! ನಾಯಕರಿಗೆ ರಾತ್ರಿ ನಿದ್ದೆ ಹತ್ತಲಿಲ್ಲ. ಆದರೂ ಎದೆಗುಂದಲಿಲ್ಲ. ಹಂಗೇರಿ, ಅಮೆರಿಕ, ಜಪಾನ್, ಫ್ರಾನ್ಸ್ ತಂಡಗಳಿಗೆ ಒಂದು ಗೋಲನ್ನೂ ಬಿಟ್ಟುಕೊಡದೆ ನಮ್ಮವರು ಫೈನಲ್ ಮುಟ್ಟಿದರು. ಎದುರಿಗೆ ಮತ್ತೆ ಅದೇ ಜರ್ಮನಿ!

ಆಗ ನಮ್ಮ ದೇಶಕ್ಕೆ ಸ್ವಾತಂತ್ರ್ಯ ಇರಲಿಲ್ಲ. ನಮ್ಮೂರ ಮೈಲಾರ ಮಹಾದೇವಪ್ಪನವರು ಗಾಂಧೀಜಿ ಜೊತೆ ದಂಡಿಗೆ ನಡೆದು ಆರು ವರ್ಷವಾಗಿತ್ತು, ಅಷ್ಟೆ. ಮೈದಾನಕ್ಕೆ ಇಳಿಯೋ ಮುಂಚೆ ಆಟಗಾರರು ಕೋಣೆಯೊಳಗೆ ತ್ರಿವರ್ಣ ಧ್ವಜಕ್ಕೆ ವಂದಿಸಿದರು. ಮೊದಲ ಅರ್ಧದಲ್ಲಿ ಬಂದದ್ದು ಒಂದೇ ಗೋಲು. ಆಮೇಲೆ ಧ್ಯಾನ್ ಚಂದ್ ಮೊಳೆ ಬೂಟು ಕಳಚಿಟ್ಟು ಓಡಿದರು ನೋಡಿ! ಭಾರತ 8-1ರಿಂದ ಗೆದ್ದಿತು. ಅವತ್ತು ಆಗಸ್ಟ್ 15. ಹನ್ನೊಂದು ವರ್ಷ ಕಳೆದ ಮೇಲೆ ಅದೇ ತಾರೀಖಿಗೆ ನಮಗೆ ಸ್ವಾತಂತ್ರ್ಯ ಬಂತು.

1956ರಲ್ಲಿ ಅವರಿಗೆ ಪದ್ಮಭೂಷಣ ಕೊಟ್ಟರು. 1979ರ ಡಿಸೆಂಬರ್ 3ರಂದು ತೀರಿಕೊಂಡರು. ಅವರ ಹುಟ್ಟಿದ ದಿನವನ್ನೇ ರಾಷ್ಟ್ರೀಯ ಕ್ರೀಡಾ ದಿನ ಎಂದು ಆಚರಿಸುತ್ತೇವೆ.

ಗೆಳೆಯರೇ, ನಾವು ಕಬಡ್ಡಿಯಲ್ಲಿ ಸೋತರೆ ಜಗಳ ತೆಗೆಯುತ್ತೇವೆ. ಅದರ ಬದಲು ಮರುದಿನ ಮತ್ತೆ ಬಯಲಿಗೆ ಇಳಿಯೋಣ. ಏನಂತೀರಿ?

– 7ನೇ ತರಗತಿ