ನೀಲಿ ತಟ್ಟೆಯ ಬೆನ್ನಿನ ಹೆಸರು

ಸೇವೆಯಲ್ಲಿದ್ದಾಗ ಸರ್ಕಾರಿ ವಸತಿಗೃಹವೊಂದರ ಹಳೆಯ ಸಾಮಾನುಗಳ ವಿಲೇವಾರಿ ಪಟ್ಟಿಗೆ ನಾನೊಮ್ಮೆ ಸಹಿ ಹಾಕಿದ್ದೆ. ಮುರಿದ ಕುರ್ಚಿ, ತುಕ್ಕು ಹಿಡಿದ ಮಂಚಗಳ ಕೆಳಗೆ ನೀಲಿ ಚಿತ್ರದ ಪಿಂಗಾಣಿ ತಟ್ಟೆಗಳೂ ನಿರುಪಯುಕ್ತ ವಸ್ತುಗಳಾಗಿ ನಮೂದಾಗಿದ್ದವು. ಒಂದನ್ನು ತಿರುಗಿಸಿ ನೋಡಿದಾಗ ಬೆನ್ನಿನಲ್ಲಿ ಸ್ಪೋಡ್ ಎಂಬ ಹೆಸರು ಒತ್ತಿ ಮೂಡಿಸಿದಂತಿತ್ತು. ಯಾವುದೋ ಅಂಗಡಿಯ ಹೆಸರಿರಬೇಕೆಂದು ಭಾವಿಸಿ ಕಡತ ಮುಚ್ಚಿದೆ. ಆ ಹೆಸರಿನ ಹಿಂದಿದ್ದ ಮನುಷ್ಯನ ಪರಿಚಯವಾದದ್ದು ನಿವೃತ್ತಿಯ ನಂತರದ ಓದಿನಲ್ಲಿ.

ಜೊಸಾಯಾ ಸ್ಪೋಡ್ ಹುಟ್ಟಿದ್ದು 1733ರಲ್ಲಿ, ಇಂಗ್ಲೆಂಡಿನ ಸ್ಟಾಫರ್ಡ್‌ಶೈರ್‌ನಲ್ಲಿ. ಬಾಲಕ ಆರು ವರ್ಷದವನಿದ್ದಾಗ ತಂದೆ ತೀರಿಕೊಂಡರು. ಶವಸಂಸ್ಕಾರ ನಡೆದದ್ದು ನಿರ್ಗತಿಕರ ಸಮಾಧಿಯಲ್ಲಿ. 1749ರಲ್ಲಿ, ಹದಿನಾರರ ವಯಸ್ಸಿಗೆ, ಹೆಸರಾಂತ ಕುಂಬಾರ ಥಾಮಸ್ ವೀಲ್ಡನ್ ಬಳಿ ಆತ ಕೆಲಸಕ್ಕೆ ಸೇರಿದ. ವಾರದ ಕೂಲಿ 2 ಶಿಲಿಂಗ್ 3 ಪೆನ್ಸ್; ಯೋಗ್ಯನೆನಿಸಿದರೆ ಇನ್ನೂ 3 ಪೆನ್ಸ್. 1754ರಲ್ಲಿ ಎಲೆನ್ ಫಿನ್ಲೆಯನ್ನು ಮದುವೆಯಾದ. ಆಕೆ ಸ್ಟೋಕ್ ಪಟ್ಟಣದಲ್ಲಿ ಹೊಲಿಗೆ ಸಾಮಗ್ರಿಗಳ ವ್ಯಾಪಾರ ನಡೆಸುತ್ತಿದ್ದಳು. ಹಲವು ವರ್ಷ ಬೇರೆಯವರ ಕಾರ್ಖಾನೆಗಳಲ್ಲಿ, ಪಾಲುದಾರಿಕೆಗಳಲ್ಲಿ ದುಡಿದ ಸ್ಪೋಡ್ 1776ರಲ್ಲಿ ಸ್ಟೋಕ್‌ನ ಕಾರ್ಖಾನೆಯನ್ನು ಸ್ವಂತ ಮಾಡಿಕೊಂಡ.

ಚೀನಾದಿಂದ ಬರುತ್ತಿದ್ದ ನೀಲಿ-ಬಿಳಿ ಪಿಂಗಾಣಿ ಆಗ ಸಿರಿವಂತರ ಸೊತ್ತು. ಕೈಯಿಂದ ಚಿತ್ರ ಬಿಡಿಸಿದರೆ ವೆಚ್ಚ ಏರುತ್ತಿತ್ತು. ಮೆರುಗಿನ ಮೇಲೆ ಅಚ್ಚೊತ್ತುವ ವಿಧಾನ ಮೊದಲೇ ಇತ್ತಾದರೂ ಅದು ಬಳಕೆಯಲ್ಲಿ ಸವೆಯುತ್ತಿತ್ತು. ಮೆರುಗಿನ ಅಡಿಯಲ್ಲಿ ನೀಲಿ ಚಿತ್ರವನ್ನು ಅಚ್ಚೊತ್ತುವ ಕಲೆಯನ್ನು ಅಗ್ಗದ ಮಣ್ಣಿನ ತಟ್ಟೆಗಳಿಗೆ 1784ರ ಸುಮಾರಿಗೆ ಹದಗೊಳಿಸಿದ್ದು ಸ್ಪೋಡ್‌ನ ಸಾಧನೆ.

ಕುಶಲಕರ್ಮಿ ತಾಮ್ರದ ಹಲಗೆಯ ಮೇಲೆ ಚಿತ್ರ ಕೊರೆಯುತ್ತಿದ್ದ. ಕಾದ ಹಲಗೆಗೆ ಎಣ್ಣೆ ಬೆರೆತ ಕೋಬಾಲ್ಟ್ ಬಣ್ಣ ಹಚ್ಚಿ, ತೆಳುಗಾಗದಕ್ಕೆ ಅಚ್ಚು ತೆಗೆಯುತ್ತಿದ್ದರು. ಆ ಕಾಗದವನ್ನು ಕತ್ತರಿಸಿ, ಒಮ್ಮೆ ಸುಟ್ಟ ತಟ್ಟೆಯ ಮೇಲೆ ಹೊಂದಿಸಿ ಉಜ್ಜುತ್ತಿದ್ದವರು ಬಹುಪಾಲು ಹೆಂಗಸರು ಮತ್ತು ಹುಡುಗಿಯರು. ಕಾಗದ ತೊಳೆದು, ಮೆರುಗು ಬಳಿದು, ಮತ್ತೆ ಆವಿಗೆಗೆ ಸೇರಿಸಿದರೆ ಚಿತ್ರ ಶಾಶ್ವತ.

ಕಾಲವೂ ಕೂಡಿಬಂತು. 1784ರಲ್ಲೇ ಬ್ರಿಟಿಷ್ ಸರ್ಕಾರ ಚಹಾದ ಮೇಲಿನ ಸುಂಕವನ್ನು ಶೇ 119ರಿಂದ ಶೇ 12.5ಕ್ಕೆ ಇಳಿಸಿತು. ಚಹಾ ಸಾಮಾನ್ಯರ ಮನೆಗೂ ಬಂದಾಗ ಬಟ್ಟಲುಗಳೂ ಬೇಕಾದವು. 1791ರಲ್ಲಿ ಈಸ್ಟ್ ಇಂಡಿಯಾ ಕಂಪೆನಿ ಚೀನೀ ಪಿಂಗಾಣಿಯ ಸಗಟು ಆಮದನ್ನು ನಿಲ್ಲಿಸಿತು. ತೆರವಾದ ಮಾರುಕಟ್ಟೆಯನ್ನು ತುಂಬಿದವರಲ್ಲಿ ಸ್ಪೋಡ್ ಮುಂಚೂಣಿಯಲ್ಲಿದ್ದ. ತೆರಿಗೆಯ ಒಂದು ತಿದ್ದುಪಡಿ ಊಟದ ಮೇಜಿನವರೆಗೂ ತಲುಪುವ ಬಗೆಯನ್ನು ಪಠ್ಯಪುಸ್ತಕಗಳಿಗಿಂತ ಈ ತಟ್ಟೆಗಳೇ ನನಗೆ ಚೆನ್ನಾಗಿ ತಿಳಿಸಿದವು.

1797ರಲ್ಲಿ ಸ್ಪೋಡ್ ಹಠಾತ್ತನೆ ತೀರಿಕೊಂಡ. ಅದೇ ಹೆಸರಿನ ಮಗ ಉದ್ಯಮವನ್ನು ಬೆಳೆಸಿದ. ಮಗನ ಕಾಲದಲ್ಲಿ ಬಂದ ಭಾರತೀಯ ಬೇಟೆಯ ಮಾಲಿಕೆಗೆ ಆಧಾರ, ಬಂಗಾಳದಲ್ಲಿ ಸೇವೆ ಸಲ್ಲಿಸಿದ್ದ ಥಾಮಸ್ ವಿಲಿಯಮ್‌ಸನ್‌ನ ಬೇಟೆಯ ಗ್ರಂಥದ ಚಿತ್ರಗಳು. ಆನೆ, ಕರಡಿ, ಕಾಡುಹಂದಿ ಹಾಗೂ ನಮ್ಮ ನೆಲದ ಬೇಟೆಯಾಳುಗಳು ಇಂಗ್ಲಿಷರ ಊಟದ ತಟ್ಟೆಯ ಅಲಂಕಾರವಾದರು. ಇಂದು ಸಂಗ್ರಾಹಕರು ಬಹುವಾಗಿ ಅರಸುವ ವಿನ್ಯಾಸಗಳಲ್ಲಿ ಅದೂ ಒಂದು.

ಇಂಥ ತಟ್ಟೆ ಮನೆಯಲ್ಲಿದ್ದರೆ ಅವಸರದಲ್ಲಿ ಮಾರಬೇಡಿ. ಅಂಚಿನ ಚಿತ್ರವನ್ನು ಸುತ್ತಲೂ ಗಮನಿಸಿ. ಕಾಗದದ ತುದಿಗಳು ಸೇರಿದಲ್ಲಿ ವಿನ್ಯಾಸ ತುಸು ತಪ್ಪಿರುತ್ತದೆ. ಆ ಜೋಡಣೆಯ ಗುರುತೇ ಅಚ್ಚಿನ ಸಾಕ್ಷಿ. ಬೆನ್ನಿನಲ್ಲಿ ಕೋಪ್‌ಲ್ಯಾಂಡ್ ಹೆಸರಿದ್ದರೆ ಅದು ಉದ್ಯಮ ಕೈಬದಲಾದ 1833ರ ನಂತರದ್ದು. ಇಂಗ್ಲೆಂಡ್ ಎಂಬ ಪದವಿದ್ದರೆ, ಅಮೆರಿಕದ ಸುಂಕ ಕಾನೂನಿನಿಂದಾಗಿ, ಸಾಮಾನ್ಯವಾಗಿ 1891ರ ನಂತರದ್ದು. ಮೆಲ್ಲಗೆ ತಟ್ಟಿದಾಗ ನಾದ ಮಂಕಾಗಿದ್ದರೆ ಕೂದಲೆಳೆಯ ಬಿರುಕಿರಬಹುದು. ಬೆಲೆಯನ್ನು ನಿರ್ಧರಿಸುವುದು ವಯಸ್ಸೊಂದೇ ಅಲ್ಲ. ವಿನ್ಯಾಸದ ವಿರಳತೆ, ಗಾತ್ರ ಹಾಗೂ ಸುಸ್ಥಿತಿಯೂ ಮುಖ್ಯ. ಎಲ್ಲೆಡೆ ಸಿಗುವ ವಿನ್ಯಾಸದ ತಟ್ಟೆ ಹಳೆಯದಾದರೂ ದೊಡ್ಡ ಬೆಲೆ ತರುವುದಿಲ್ಲ.

ಸ್ಪೋಡ್ ಸಂಸ್ಥೆ 2008ರಲ್ಲಿ ಕುಸಿಯಿತು. ಮರುವರ್ಷ ಹೆಸರು ಬೇರೊಂದು ಕಂಪೆನಿಯ ಪಾಲಾಯಿತು. ನಿರ್ಗತಿಕನ ಮಗನೊಬ್ಬ ಸಾಮಾನ್ಯರ ಮನೆಗೆ ತಲುಪಿಸಿದ ಚೆಲುವು ಮಾತ್ರ ಎರಡು ಶತಮಾನ ದಾಟಿ ಉಳಿದಿದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತದೆ ನಮ್ಮ ಗಾದೆ. ದೊಣ್ಣೆಯ ಕೆಲಸವನ್ನು ಕೆಲವೊಮ್ಮೆ ಅಧಿಕಾರಿಯ ಸಹಿಯೂ ಮಾಡುತ್ತದೆ. ಆ ಪಟ್ಟಿಯ ತಟ್ಟೆಗಳು ಎಲ್ಲಿ ಹೋದವೋ ಅರಿಯೆ. ಹಳೆಯ ವಸ್ತುಗಳ ಮೇಲೆ ಷರಾ ಬರೆಯುವ ಮುನ್ನ ಅವುಗಳ ಬೆನ್ನನ್ನು ಓದಬಲ್ಲ ಒಬ್ಬರನ್ನಾದರೂ ಕೇಳುವ ಪದ್ಧತಿ ನಮ್ಮ ಕಚೇರಿಗಳಲ್ಲಿ ಬರಲಿ.