ಸಲೀಂ ಅಲಿ ಮತ್ತು ಕಾಣದ ಹಕ್ಕಿಯ ದನಿ

ಹೈದರಾಬಾದಿನಲ್ಲಿ ನೆಲೆಸಿರುವ ನಮ್ಮನ್ನು ಬೇಸಗೆಯ ಬೆಳಗುಗಳಲ್ಲಿ ಎಬ್ಬಿಸುವುದು ಚೆಂಬುಕುಟಿಗ. ಹಕ್ಕಿ ಕಣ್ಣಿಗೆ ಬೀಳುವುದಿಲ್ಲ. ಕಂಚುಗಾರ ತಾಮ್ರ ಬಡಿದಂತೆ ಅದರ ದನಿ ಮಾತ್ರ ಕೇಳುತ್ತದೆ. ಊರಿನಲ್ಲಿ ನಮಗೆ ಅದರ ಹೆಸರು ಹೇಳಿಕೊಟ್ಟವರು ಅಜ್ಜಿ. ಇಲ್ಲಿ ಹುಟ್ಟಿದ ನಮ್ಮ ಮಕ್ಕಳು ಮೊಬೈಲನ್ನು ಕಿಟಕಿಗೆ ಹಿಡಿಯುತ್ತಾರೆ. ಅದು ದನಿಯನ್ನು ಆಲಿಸಿ, ಹೆಸರನ್ನೂ ಚಿತ್ರವನ್ನೂ ತೋರಿಸುತ್ತದೆ. ಇಂಥ ಸೌಕರ್ಯವಿಲ್ಲದ ಕಾಲದಲ್ಲಿ ಈ ಸೀಮೆಯ ಹಕ್ಕಿಗಳನ್ನು ಕಣ್ಣು ಕಿವಿಗಳಿಂದಲೇ ಗುರುತಿಸುತ್ತ ಅಲೆದ ಒಬ್ಬ ಮಹನೀಯರನ್ನು ನಾವಿಲ್ಲಿ ನೆನೆಯಬಯಸುತ್ತೇವೆ.

ಡಾ. ಸಲೀಂ ಅಲಿಯವರು 1896ರ ನವೆಂಬರ್ 12ರಂದು ಮುಂಬಯಿಯಲ್ಲಿ ಜನಿಸಿದರು. ಎಳವೆಯಲ್ಲೇ ತಂದೆತಾಯಿಯರನ್ನು ಕಳೆದುಕೊಂಡು ಸೋದರಮಾವನ ಮನೆಯಲ್ಲಿ ಬೆಳೆದರು. ಬಾಲಕನಾಗಿದ್ದಾಗ ಏರ್ ಗನ್ನಿನಿಂದ ಹೊಡೆದ ಗುಬ್ಬಿಯೊಂದರ ಕತ್ತಿನಲ್ಲಿ ಹಳದಿ ಮಚ್ಚೆ ಕಂಡಿತು. ಅದೇನೆಂದು ಕೇಳಲು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಬಾಗಿಲಿಗೆ ಹೋದ ಹುಡುಗ ಜೀವಮಾನವೆಲ್ಲ ಅದರ ನಂಟನ್ನು ಬಿಡಲಿಲ್ಲ.

ಬರ್ಲಿನ್ನಿನಲ್ಲಿ ಸ್ಟ್ರೆಸೆಮನ್ನರ ಬಳಿ ಕಲಿತು 1930ರಲ್ಲಿ ಹಿಂತಿರುಗಿದರೆ ಇಲ್ಲಿ ಉದ್ಯೋಗವೇ ಇರಲಿಲ್ಲ. ಕಿಹೀಮ್ ಎಂಬ ಕಡಲತೀರದ ಹಳ್ಳಿಯಲ್ಲಿ ಕುಳಿತು ಗೀಜಗದ ಸಂಸಾರವನ್ನು ನೋಡತೊಡಗಿದರು. ಗಂಡು ಅರ್ಧ ಗೂಡು ಹೆಣೆಯುವುದು, ಹೆಣ್ಣು ಬಂದು ಪರೀಕ್ಷಿಸಿ ಒಪ್ಪುವುದು, ಒಪ್ಪಿದ ಮೇಲೆ ಆ ಗೂಡನ್ನು ಮುಗಿಸಿ ಗಂಡು ಇನ್ನೊಂದು ಗೂಡಿಗೆ ತೊಡಗುವುದು! ಕೆಲಸವಿಲ್ಲದ ವಿದ್ವಾಂಸನಿಗೆ ಇದಕ್ಕಿಂತ ಒಳ್ಳೆಯ ನೋಟ ಬೇಕೆ?

ಆಮೇಲೆ ಸಂಸ್ಥಾನಗಳಿಗೆ ಒಂದು ಸಲಹೆ ಮಾಡಿದರು: ಪ್ರವಾಸದ ವೆಚ್ಚ ಕೊಟ್ಟರೆ ಸಾಕು, ಸಂಬಳ ಬೇಡ. ಮೊದಲು ಒಪ್ಪಿದವರು ನಿಜಾಮರ ಸರಕಾರದವರು. ಹೀಗೆ 1931-32ರಲ್ಲಿ, ಕಲಬುರ್ಗಿ, ರಾಯಚೂರು, ಬೀದರಗಳೂ ಸೇರಿದ್ದ ಅಂದಿನ ಹೈದರಾಬಾದ್ ಸಂಸ್ಥಾನದ ಪಕ್ಷಿ ಸಮೀಕ್ಷೆ ನಡೆಯಿತು. ಪತ್ನಿ ತೆಹಮಿನಾ ಅವರೂ ಡೇರೆಯ ಬಾಳಿಗೆ ಒಗ್ಗಿಕೊಂಡರು.

ಆ ದಿನಗಳ ಪಕ್ಷಿಶಾಸ್ತ್ರವೆಂದರೆ ಹಕ್ಕಿಯನ್ನು ಹೊಡೆದು, ಚರ್ಮ ಸುಲಿದು, ಹತ್ತಿ ತುಂಬಿ ಪೆಟ್ಟಿಗೆಯಲ್ಲಿಡುವುದು. ಸಲೀಂ ಅಲಿಯವರೂ ಬಂದೂಕು ಹಿಡಿದೇ ಹೊರಟವರು. ಇದನ್ನು ಮುಚ್ಚಿಡುವುದು ನಮಗೆ ಸರಿತೋರದು. ಆದರೆ ಒಣಗಿದ ಚರ್ಮ ಹಾಡುವುದಿಲ್ಲ. ಹಕ್ಕಿ ಏನು ತಿನ್ನುತ್ತದೆ, ಎಲ್ಲಿ ಗೂಡು ಕಟ್ಟುತ್ತದೆ, ಹೇಗೆ ಕೂಗುತ್ತದೆ ಎಂಬುದರಲ್ಲೇ ಅವರ ಆಸಕ್ತಿ ಬೆಳೆಯಿತು. 1939ರಲ್ಲಿ ತೆಹಮಿನಾ ತೀರಿಕೊಂಡರು. ಆ ದುಃಖದ ನಡುವೆಯೇ ಮೈಸೂರು ಸಂಸ್ಥಾನದ ಸಮೀಕ್ಷೆ ನಡೆಯಿತು. ಕಾವೇರಿಯ ನಡುಗಡ್ಡೆಗಳಾದ ರಂಗನತಿಟ್ಟು 1940ರಲ್ಲಿ ಪಕ್ಷಿಧಾಮವಾದದ್ದು ಅವರ ಒತ್ತಾಸೆಯಿಂದಲೇ. ಮರುವರ್ಷ ಹೊರಬಂದ ಅವರ ಭಾರತೀಯ ಪಕ್ಷಿಗಳ ಪುಸ್ತಕವು ಚಿತ್ರದೊಡನೆ ಕೂಗನ್ನೂ ಮಾತಿನಲ್ಲಿ ವಿವರಿಸಿ, ಸಾಮಾನ್ಯ ಗೃಹಸ್ಥನಿಗೂ ಬಂದೂಕಿಲ್ಲದೆ ಹಕ್ಕಿ ಗುರುತಿಸುವುದನ್ನು ಕಲಿಸಿತು.

ಹಕ್ಕಿಯ ಹಾಡನ್ನು ಯಂತ್ರದಲ್ಲಿ ಹಿಡಿಯುವ ವಿದ್ಯೆ ಅವರಿಗಿಂತ ಹಳೆಯದು. 1889ರಲ್ಲಿ ಜರ್ಮನಿಯ ಲುಡ್ವಿಗ್ ಕೋಖ್ ಎಂಬ ಬಾಲಕ ಎಡಿಸನ್ನರ ಯಂತ್ರದಲ್ಲಿ ತನ್ನ ಸಾಕುಹಕ್ಕಿಯ ಹಾಡನ್ನು ಹಿಡಿದಿಟ್ಟ. ಅದು ಶಾಮಾ ಹಕ್ಕಿ, ನಮ್ಮ ಮಡಿವಾಳ ಹಕ್ಕಿಯ ನಂಟ, ಪಶ್ಚಿಮಘಟ್ಟಗಳಲ್ಲೂ ವಾಸಿಸುವಂಥದು!

ಈ ವಿದ್ಯೆಯ ಬೆಲೆ ಎಷ್ಟೆಂಬುದನ್ನು ಕಡಪೆಯ ಮುಳ್ಳುಕಾಡು ತೋರಿಸಿಕೊಟ್ಟಿತು. ನಮ್ಮ ತೆಲುಗು ಬಂಧುಗಳು ಕಲಿವಿ ಕೋಡಿ ಎನ್ನುವ, ಪುಸ್ತಕಗಳಲ್ಲಿ ಜೆರ್ಡನ್ ಕೋರ್ಸರ್ ಎಂಬ ಹೆಸರಿನ ಇರುಳು ಹಕ್ಕಿ 1900ರ ತರುವಾಯ ಶಾಸ್ತ್ರಜ್ಞರಾರ ಕಣ್ಣಿಗೂ ಬಿದ್ದಿರಲಿಲ್ಲ. ಸಲೀಂ ಅಲಿಯವರ ಸೊಸೈಟಿಯವರು ಹುಡುಕಿಸುತ್ತಲೇ ಇದ್ದರು. 1986ರ ಜನವರಿಯಲ್ಲಿ ಅದು ಸಿಕ್ಕಾಗ ಅವರಿಗೆ ತೊಂಬತ್ತು ಸಮೀಪಿಸಿತ್ತು. ಸಿಕ್ಕರೂ ಕತ್ತಲೆಯಲ್ಲಿ ಓಡಾಡುವ ಹಕ್ಕಿ ಎಲ್ಲೆಲ್ಲಿದೆಯೆಂದು ತಿಳಿಯುವುದು ಹೇಗೆ? ಅದರ ಕೂಗೇ ಗೊತ್ತಿರಲಿಲ್ಲ.

1987ರಲ್ಲಿ ಸಲೀಂ ಅಲಿ ಕಣ್ಮುಚ್ಚಿದರು. ಈ ಶತಮಾನದ ಮೊದಲ ವರ್ಷಗಳಲ್ಲಿ, ಲಂಕಮಲ್ಲೇಶ್ವರದ ಕುರುಚಲು ಕಾಡಿನಲ್ಲಿ ಸಂಶೋಧಕರು ಮುಸ್ಸಂಜೆಗೆ ನಿಂತು, ಮುದ್ರಿಸಿಕೊಂಡ ಅದರದೇ ಕೂಗನ್ನು ನುಡಿಸಿದರು. ಪೊದೆಗಳ ಆಚೆಯಿಂದ ಉತ್ತರ ಬಂದಿತು.